ಏಣಿ ಮಾಸ್ತರನ ಬೀದಿ

ಮಹಡಿ ಕೋಣೆಯನ್ನು ಮುಚ್ಚಿಟ್ಟು ದರ್ಜಿ ಉಳಿಸಿದ ಮನೆ ತೆರಿಗೆ ವರ್ಷಕ್ಕೆ ಆರುನೂರು. ತೆರೆದ ಚರಂಡಿಗೆ ಬಿದ್ದು ಮುರಿದ ಅವನ ಅಮ್ಮನ ಕಾಲಿಗೆ ಆದ ಖರ್ಚು ನಲವತ್ತೆರಡು ಸಾವಿರ.

ಪುರಸಭೆಯಿಂದ ಮನೆ ತೆರಿಗೆ ವಸೂಲಿಗೆ ಬರುವವಳನ್ನು ಬೀದಿಯವರು ಬಿಲ್ ಅಕ್ಕ ಎನ್ನುತ್ತಿದ್ದರು; ಅವಳು ಅಮ್ಮನನ್ನು ನೋಡಲು ಹಣ್ಣು ತಂದಳು. ಅವಳ ಸೈಕಲ್ ಗಂಟೆ ಕೇಳಿದ್ದೇ ತಡ, ಮಹಡಿಯಲ್ಲಿದ್ದ ದರ್ಜಿಯ ಹೆಂಡತಿ ರೂಢಿಯಂತೆ ಮಹಡಿಯ ದಾರಿ ಕಾಣದಂತೆ ಏಣಿಯನ್ನು ಮೇಲೆಳೆದುಕೊಂಡಳು.

ದರ್ಜಿ ಹರಿಹಾಯ್ದ. "ಚರಂಡಿಗೆ ನಾಲ್ಕು ಚಪ್ಪಡಿ ಹಾಕೋಕೆ ನಿಮಗೇನು ಧಾಡಿ? ನಾನು ಕೊಳ್ಳೋ ದಾರದುಂಡೆಗೂ ದೇಶದ ಸರ್ಕಾರ ತೆರಿಗೆ ಹಿಡ್ಕೊಳ್ಳುತ್ತೆ. ಅಲ್ಲಿಂದ ತರಿಸಿ!"

"ಕೇಳಿದ್ವಿ ಅಣ್ಣಾ. ಈ ಕೆಲಸಕ್ಕೆ ಊರು ಒಂದು ಪಾಲು ಹಾಕಿದ್ರೆ ಅವರು ಮೂರು ಪಾಲು ಹಾಕ್ತಾರೆ. ಊರಿನ ಪಾಲು ಅಂದ್ರೆ ಮನೆ ತೆರಿಗೆ. ಅದೇ ಸಾಲಲಿಲ್ಲ."

"ನಮ್ಮ ಚಿಲ್ಲರೆಗೆ ಕಾಯ್ತಾರಾ ಅವರು?"

"ಗಿರಾಕಿ ಬಟ್ಟೆ ತರ್ತಾನೆ, ದಾರ ನಿಮ್ಮದು. ದಾರ ಇಲ್ಲ ಅಂದ್ರೆ ಪಕ್ಕದಂಗಡಿಗೆ ಹೋಗಲ್ವಾ? ಆ ದುಡ್ಡೂ ಪಕ್ಕದ ಊರಿಗೆ ಹೋಯ್ತು." ಅವಳು ನಿಟ್ಟುಸಿರಿಟ್ಟಳು. "ಈ ಬೀದೀಲಿ ಮೂವತ್ತು ಮನೆ, ಒಂದಕ್ಕೂ ಮಹಡಿ ಇಲ್ಲ. ಪಾಪ, ಬಡವರನ್ನ ಎಷ್ಟು ಅಂತ ಹಿಂಡೋದು?"

ತೆರಿಗೆಗೆ ಮನೆ ಅಳೆಯುವ ದಿನ ಏಣಿ ಎತ್ತಿಡುವ ವಿದ್ಯೆಯನ್ನು ಬೀದಿಗೆಲ್ಲ ಕಲಿಸಿದವನೇ ದರ್ಜಿ. "ಏಣಿ ಮಾಸ್ತರ" ಎಂದು ಕರೆದಾಗ ಮೀಸೆ ತಿರುವಿದ್ದ. ಅವನ ಮನೆಯ ಅಳತೆಯ ದಿನ ಅಮ್ಮ ಇಲ್ಲೇ ಕೂತು, "ಮೇಲೇನಿಲ್ಲ ತಾಯಿ, ಬರೀ ಇಲಿ" ಎಂದು ಬಿಲ್ ಅಕ್ಕನನ್ನು ಸಾಗಹಾಕಿದ್ದಳು.

ಬಂದವಳು ಹೊರಟಳೆಂದುಕೊಂಡು ಹೆಂಡತಿ ಮೇಲೆ ಮಿಷನ್ ತುಳಿಯತೊಡಗಿದಳು. ಟಕಟಕಟಕ.

ಬಿಲ್ ಅಕ್ಕ ತಲೆಯೆತ್ತಿದಳು. "ಇಲಿ ಹೊಲಿಗೆ ಕಲಿತಿದೆಯಾ ಅಜ್ಜಿ?"

ಅಮ್ಮ ಗೋಡೆಗೆ ಮುಖ ತಿರುಗಿಸಿದಳು. "ಸುಳ್ಳು ಹೇಳಿದ್ದು ನಾನು. ನನ್ನ ಕಾಲಿಗೇ ಬಂತು. ಅವನನ್ನೇನೂ ಅನ್ಬೇಡ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ದರ್ಜಿಗೆ. "ಏಣಿ ಇಳಿಸೇ" ಎಂದು ಮೇಲಕ್ಕೆ ಕೂಗಿದ. ಕೊರಳಲ್ಲಿದ್ದ ಅಳತೆ ಪಟ್ಟಿ ತೆಗೆದು ಬಿಲ್ ಅಕ್ಕನ ಕೈಗಿಟ್ಟ.

"ಅಳೀರಿ."

"ದಂಡ ಬೀಳುತ್ತೆ ಅಣ್ಣಾ."

"ಬೀಳಲಿ. ಆಮೇಲೆ ಒಂದೊಂದೇ ಮನೆಗೆ ನಾನೇ ಕರ್ಕೊಂಡು ಹೋಗ್ತೀನಿ. ಕಲಿಸಿದವನೇ ಮರೆಸಬೇಕು."

ಉಳಿದ ಇಪ್ಪತ್ತೊಂಬತ್ತು ಬಾಗಿಲಲ್ಲೂ ಅವನು ತಲೆ ತಗ್ಗಿಸಿ ನಿಂತ. ಮರುವರ್ಷ ಊರಿನ ಪಾಲು ತುಂಬಿತು, ದೇಶದ ಮೂರು ಪಾಲೂ ಬಂತು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಏಣಿ ಎಲ್ಲಿದೆ? ಇಳಿಸಿಬಿಡಿ. ನಿಮ್ಮ ಪಾಲು ಕಟ್ಟಿ. ಕಟ್ಟಿದ ಚೀಟಿ ಹಿಡಿದು ಪುರಸಭೆಗೆ ಹೋಗಿ, "ಮೇಲಿಂದ ಎಷ್ಟು ಬಂತು, ಎಲ್ಲಿಗೆ ಹಾಕಿದಿರಿ?" ಎಂದು ಗಟ್ಟಿಯಾಗಿ ಕೇಳಿ.

ದರ್ಜಿಯ ಬೀದಿಯ ಚರಂಡಿ ಈಗ ಪೂರ್ತಿ ಮುಚ್ಚಿದೆ. ಕಾಲು ಸರಿಹೋಗದ ಅಮ್ಮ ಅದರ ಮೇಲೆ ಒಮ್ಮೆಯೂ ನಡೆದಿಲ್ಲ.