ಮೂಸಬಾರದ ಧೂಪ

ಕಾಚಿಗುಡಾದ ಆ ಗಲ್ಲಿಯಲ್ಲಿ ಸೂಗಮ್ಮನ ಮನೆ ಯಾವುದು ಎಂದು ಕೇಳಿದರೆ ಯಾರೂ ನಂಬರು ಹೇಳುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬನ್ನಿ, ನಿಮ್ಮ ಮೂಗೇ ಕರೆದುಕೊಂಡು ಹೋಗುತ್ತದೆ ಎನ್ನುತ್ತಿದ್ದರು. ಸೂಗಮ್ಮ ಮನೆಯಲ್ಲೇ ಕುಟ್ಟಿ ಮಾಡುವ ಧೂಪ ಅಂಥದ್ದು. ರಾಯಚೂರು ಸೀಮೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆ ನಿಂತ ಮನೆಗಳಲ್ಲಿ ಲಗ್ನವಿರಲಿ, ಶ್ರಾವಣ ಸೋಮವಾರವಿರಲಿ, ಸೂಗಮ್ಮನ ಧೂಪ ಬಂತೇ ಎಂದು ಮೊದಲು ವಿಚಾರಿಸುತ್ತಿದ್ದರು, ಹೋಳಿಗೆಯ ಮಾತು ಆಮೇಲೆ.

ಮಾಡುವುದು ಸುಲಭವೇನಲ್ಲ. ಬೇಗಂ ಬಜಾರಿನ ಪನ್ಸಾರಿ ಅಂಗಡಿಯಿಂದ, ಅಂದರೆ ಗ್ರಂಥಿಗೆ ಅಂಗಡಿಯಿಂದ, ಬೇರು, ಗಡ್ಡೆ, ಅಂಟುಗಳನ್ನು ಆರಿಸಿ ತರಬೇಕು. ಕಚೋರ, ಲಾವಂಚ, ತುಂಗೆಗಡ್ಡೆ, ಗಂಧದ ಚಕ್ಕೆ, ಗುಗ್ಗುಳ, ಲೋಬಾನ. ಜೊತೆಗೆ ಮನೆಯಲ್ಲೇ ಒಣಗಿಸಿದ ಗುಲಾಬಿ ಎಸಳು. ಎಲ್ಲವನ್ನೂ ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ತುಪ್ಪ ಬೆಲ್ಲ ಹಾಕಿ ನಾದಿ, ಬೆರಳುದ್ದ ಹೊಸೆದು ನೆರಳಲ್ಲಿ ಆರಲು ಬಿಡಬೇಕು. ಬಿಸಿಲಿಗಿಟ್ಟರೆ ಪರಿಮಳವೆಲ್ಲ ಸೂರ್ಯನ ಪಾಲು.

ಎಲ್ಲಕ್ಕಿಂತ ದೊಡ್ಡ ನೇಮ ಇನ್ನೊಂದಿತ್ತು. ಧೂಪ ಮಾಡುವಾಗ ಯಾರೂ ಅದನ್ನು ಮೂಸಬಾರದು. ಲಿಂಗಕ್ಕೆ ಅರ್ಪಿಸದ ಅನ್ನ ಹೇಗೆ ಉಣ್ಣಬಾರದೋ ಹಾಗೆ, ಅರ್ಪಿಸದ ಪರಿಮಳವನ್ನೂ ತೆಗೆದುಕೊಳ್ಳಬಾರದು. ಸೂಗಮ್ಮ ಮೂಗಿಗೆ ಬಟ್ಟೆ ಬಿಗಿದುಕೊಂಡೇ ಒರಳ ಮುಂದೆ ಕೂಡುತ್ತಿದ್ದಳು. ಸಾರಿನ ಉಪ್ಪು ನೋಡದೆ ಎಡೆ ಮಾಡುವ ಹೆಂಗಸಿಗೆ ಧೂಪ ಮೂಸದೆ ಮಾಡುವುದೇನು ಮಹಾ! ಅಳತೆಯೆಲ್ಲ ಅಂಗೈಯಲ್ಲೇ ಇತ್ತು. ಸಂಜೆ ಲಿಂಗಪೂಜೆಯಲ್ಲಿ ಹೊಗೆ ಎದ್ದ ಮೇಲೆಯೇ ಉಳಿದವರ ಮೂಗಿಗೆ ಪ್ರಸಾದ.

ಆ ಮನೆಗೆ ಸೊಸೆಯಾಗಿ ಬಂದವಳು ಮಂದಾಕಿನಿ. ಲಿಂಗಸುಗೂರಿನವಳು, ರಸಾಯನಶಾಸ್ತ್ರ ಓದಿದವಳು, ತಾಯಿ ಇಲ್ಲದವಳು. ಬಂದ ಮೊದಲ ಸಂಜೆ ಧೂಪದ ಹೊಗೆ ಮೂಗಿಗೆ ಬಡಿದದ್ದೇ ತಡ, ನಡುಮನೆಯಲ್ಲಿ ಎಲ್ಲರೆದುರೂ ಅತ್ತುಬಿಟ್ಟಿದ್ದಳು.

"ನಮ್ಮವ್ವ ಪೂಜಿ ಮಾಡೂ ಖೋಲಿ ವಾಸನಿರಿ ಇದು, ಅತ್ತಿ" ಎಂದಿದ್ದಳು.

ಹೊಸ ಮದುಮಗಳ ಅಳು, ಯಾರು ಲೆಕ್ಕಕ್ಕಿಡುತ್ತಾರೆ? ನೆಂಟರು ಬುತ್ತಿ ಕಟ್ಟಿಕೊಂಡು ಊರಿಗೆ ಹೋದರು, ಮಾತನ್ನು ಮರೆತರು. ಮಂದಾಕಿನಿಯೂ ಮರೆತಳು.

ಮರುವರ್ಷ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಅವಳಿಗೆ ನೌಕರಿ ಸಿಕ್ಕಿತು. ಗಂಡ ಅಮರೇಶ ಬೇಗಂಪೇಟೆಯ ಆಫೀಸಿಗೆ ಒಂದು ಬಸ್ಸು ಹಿಡಿದರೆ ಇವಳು ಊರಾಚೆಗೆ ಇನ್ನೊಂದು ಬಸ್ಸು. ಕೆಲಸ ಒಳ್ಳೆಯದೇ, ಅದರ ನಾತ ಮಾತ್ರ ಕೆಟ್ಟದ್ದು. ಕೊಳೆತ ಮೊಟ್ಟೆಯಂಥ ಘಾಟು ಸೀರೆಗೆ, ಕೂದಲಿಗೆ, ಡಬ್ಬಿಯ ಮುಚ್ಚಳಕ್ಕೆ ಕೂಡ ಅಂಟಿಕೊಂಡು ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದವಳು ಸೆರಗು ಮೂಗಿಗೆ ಹಿಡಿದು ಕಿಟಕಿಯತ್ತ ಸರಿದರೆ ಮಂದಾಕಿನಿಗೆ ಸೀಟಿನಡಿ ಇಳಿದುಹೋಗಬೇಕು ಅನ್ನಿಸುತ್ತಿತ್ತು. ಬೇರೆಯವಳೊಬ್ಬಳು ಸುಮ್ಮನೆ ಸೀನಿದರೂ ತನ್ನಿಂದಲೇ ಎಂದುಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ.

ಹೀಗೆ ಹಣ್ಣಾಗಿ ಮನೆಗೆ ಬಂದರೆ, ಹೊಸ್ತಿಲಲ್ಲಿ ಅತ್ತೆ! ಕೈಯಲ್ಲಿ ಮಣ್ಣಿನ ಬಟ್ಟಲು, ಬಟ್ಟಲಲ್ಲಿ ಕೆಂಡ, ಕೆಂಡದ ಮೇಲೆ ಧೂಪ. ಮೊದಲೆಲ್ಲ ದೀಪ ಹಚ್ಚಿದ ಕೂಡಲೇ ಮನೆ ತುಂಬ ಧೂಪ ತೋರಿಸುತ್ತಿದ್ದ ಸೂಗಮ್ಮ, ಸೊಸೆ ನೌಕರಿಗೆ ಸೇರಿದ ಮೇಲೆ ಲಿಂಗಕ್ಕೆ ಅರ್ಪಿಸಿ ಒಂದು ತುಂಡನ್ನು ಹಾಗೇ ಉಳಿಸಿಕೊಂಡಿರುತ್ತಿದ್ದಳು. ಗಲ್ಲಿಯ ತುದಿಯಲ್ಲಿ ಮಂದಾಕಿನಿಯ ಚಪ್ಪಲಿ ಸದ್ದು ಕೇಳಿದರೆ ಅದನ್ನು ಕೆಂಡಕ್ಕೆ ಹಾಕಿ ಬಾಗಿಲಿಗೆ ಬರುವಳು. ಮಂದಾಕಿನಿ ಸಿಟ್ಟು ತಡೆಯಲು ಮೂಗರಳಿಸಿ ದೀರ್ಘವಾಗಿ ಉಸಿರೆಳೆದುಕೊಂಡು, ಹಲ್ಲು ಕಚ್ಚಿ ಒಳಗೆ ಹೋಗುವಳು. ಅತ್ತೆ ಅವಳ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದಳು. ಇನ್ನೂ ನಾರುತ್ತಿದ್ದೇನೆಯೋ ಇಲ್ಲವೋ ಎಂದು ನೋಡುತ್ತಾಳೆ, ಎಂದುಕೊಂಡಳು ಮಂದಾಕಿನಿ. ಒಮ್ಮೆ ಹಾಗೆಂದುಕೊಂಡ ಮೇಲೆ ಮುಗಿಯಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಒಂದು ಶ್ರಾವಣ ಸೋಮವಾರ ಹಿಂದಿನ ಗಲ್ಲಿಯ ಉಮಾಬಾಯಿ ಮತ್ತು ನಾಲ್ಕಾರು ಹೆಂಗಸರು ನಡುಮನೆಯಲ್ಲಿ ಕೂತಿದ್ದರು. ಮಂದಾಕಿನಿ ಬಂದಳು. ಸೂಗಮ್ಮ ಎಂದಿನಂತೆ ಬಟ್ಟಲು ಹಿಡಿದು ಎದ್ದಳು. ಉಮಾಬಾಯಿಯ ಬಾಯಿಗೆ ಮೊದಲೇ ಬೀಗವಿಲ್ಲ.

"ಏನ್ರಿ ಸೂಗಮ್ಮ, ಸೊಸಿಗೆ ಧೂಪ ಹಾಕಿ ಶುದ್ಧ ಮಾಡಿ ಒಳಗ ಕರಕೋತೀರೇನು?" ಎಂದು ನಕ್ಕಳು. ಉಳಿದವರೂ ನಕ್ಕರು.

ಮಂದಾಕಿನಿಯ ತಲೆ ಕೆಟ್ಟಿತು. "ಹೌದ್ರಿ. ಇಲಿ ಸತ್ತ ಮನಿಗೆ ಹಾಕಿದಂಗ ನನಗ ದಿನಾ ಹಾಕತಾರ. ಅತ್ತಿ, ನನ್ನ ನಾತ ನಿಮ್ಮ ಮೂಗಿಗೆ ಅಷ್ಟು ಹೇಸಿಗಿ ಆಗಿದ್ರ ಬಾಯಿ ಬಿಟ್ಟು ಹೇಳ್ರಿ. ಹಿತ್ತಲದಾಗ ಮಲಗತೀನಿ. ಈ ಧೂಪದ ನಾಟಕ ಬ್ಯಾಡ."

ನಗು ನಿಂತಿತು. ಸೂಗಮ್ಮನ ತುಟಿ ಏನೋ ಹೇಳಲು ಅಲುಗಿತು. ಅವಳು ಉಮಾಬಾಯಿಯ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು, ಹೇಳಬೇಕಾದದ್ದನ್ನು ನುಂಗಿಕೊಂಡಳು.

"ಆತವ್ವ. ಇನ್ನ ಹಾಕೂದಿಲ್ಲ" ಎಂದು ಬಟ್ಟಲನ್ನು ಹಿತ್ತಲಿಗೆ ಒಯ್ದು ಕೆಂಡಕ್ಕೆ ನೀರು ಹಾಕಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೂಗಮ್ಮ ಜಗಳ ಮಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ, ಸೊಸೆಗೆ ರೊಟ್ಟಿ ಬಡಿದು ಹಾಕುವುದನ್ನೂ ಬಿಡಲಿಲ್ಲ. ಒರಳನ್ನು ಮಾತ್ರ ಮೂಲೆಗೆ ಬೋರಲು ಹಾಕಿದಳು. ಪೂಜೆಗೆ ಬರೀ ಕರ್ಪೂರ. ಧೂಪ ಕೇಳಿಕೊಂಡು ಬಂದವರಿಗೆ "ಕೈ ನೋಯಾಕತ್ತಾವ್ರಿ" ಎಂದು ಹೇಳಿ ಚಹಾ ಕೊಟ್ಟು ಕಳಿಸಿದಳು. ಗೆದ್ದೆ ಎಂದುಕೊಂಡ ಮಂದಾಕಿನಿಗೆ ಸಂಜೆ ಬಾಗಿಲು ದಾಟಿದರೆ ಮನೆ ಯಾರದೋ ಮನೆಯಂತೆ ಬೋಳು ಬೋಳು ಅನ್ನಿಸತೊಡಗಿತು. ಆದರೆ ಬಾಯಿ ಬಿಟ್ಟು ಕೇಳಲು ಬಿಂಕ ಬಿಡಬೇಕಲ್ಲ? ಹೀಗೇ ಒಂದು ವರ್ಷ ದಾಟಿತು.

ಆ ದಿನ ಹಳೇ ಶಹರದಲ್ಲಿ ಗಲಾಟೆಯಂತೆ, ಕರ್ಫ್ಯೂ ಆಗಬಹುದಂತೆ ಎಂಬ ಸುದ್ದಿ ಹಬ್ಬಿ ಕಾರ್ಖಾನೆಯವರು ಮಧ್ಯಾಹ್ನವೇ ಎಲ್ಲರನ್ನೂ ಬಿಟ್ಟರು. ಮಂದಾಕಿನಿ ಮನೆಯ ಬಾಗಿಲು ತಳ್ಳಿದಾಗ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಅಡುಗೆ ಮನೆಗೆ ಓಡಿದಳು. ಸಿಲಿಂಡರಿನ ಪಕ್ಕದಲ್ಲೇ ಸೂಗಮ್ಮ ನಿಂತಿದ್ದಾಳೆ. ಒಲೆಯ ಮೇಲೆ ಚಹಾದ ಪಾತ್ರೆ, ಕೈಯಲ್ಲಿ ಕಡ್ಡಿಪೆಟ್ಟಿಗೆ, ಕಡ್ಡಿ ಇನ್ನೇನು ಗೀರಬೇಕು.

ಮಂದಾಕಿನಿ ಕಡ್ಡಿಪೆಟ್ಟಿಗೆ ಕಿತ್ತುಕೊಂಡು, ಸಿಲಿಂಡರ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ಅತ್ತೆಯನ್ನು ಕೈ ಹಿಡಿದು ಹಿತ್ತಲಿಗೆ ಎಳೆದು ತಂದಳು.

"ಬಾಗಿಲತನಕ ನಾರಾಕತ್ತೈತಿ, ನಿಮಗ ವಾಸನಿ ಬರಲಿಲ್ಲೇನ್ರಿ ಅತ್ತಿ?"

"ನೆಗಡಿ ಆಗೈತವ್ವ" ಎಂದಳು ಸೂಗಮ್ಮ, ಮುಖ ಆ ಕಡೆ ತಿರುಗಿಸಿ.

ನೆಗಡಿ ಎಲ್ಲಿಯದು? ಬೆಳಿಗ್ಗೆ ಸ್ವಚ್ಛ ಗಂಟಲಲ್ಲಿ ಹಾಲಿನವನ ಜೊತೆ ಜಗಳವಾಡಿದ್ದಳು. ಮಂದಾಕಿನಿ ದಿಟ್ಟಿಸಿ ನೋಡಿದಳು. ಕಳೆದ ತಿಂಗಳು ಹಾಲು ಹೊತ್ತಿ ಮನೆಯೆಲ್ಲ ಕಮರು ತುಂಬಿದ್ದರೂ ಅತ್ತೆ ಆರಾಮಾಗಿ ಸೊಪ್ಪು ಸೋಸುತ್ತ ಕೂತದ್ದು ನೆನಪಾಯಿತು. ಹಳಸಿದ ಸಾರನ್ನು ಬಡಿಸಲು ತಂದದ್ದು ನೆನಪಾಯಿತು.

"ಖರೇ ಹೇಳ್ರಿ ಅತ್ತಿ. ಯಾವಾಗಿನಿಂದ?"

ಸೂಗಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. "ನಿಮ್ಮ ಲಗ್ನಕ್ಕಿಂತ ಮುಂಚೆ ನನಗ ಟೈಫೈಡ್ ಆಗಿತ್ತಲ್ಲ, ಆವಾಗಿನಿಂದ. ಜ್ವರ ಇಳೀತು, ಮೂಗು ಹೋತು. ಹೂವಿಲ್ಲ, ಹೊಲಸಿಲ್ಲ, ಎಲ್ಲಾ ಒಂದ."

ಮಂದಾಕಿನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮದುವೆಗೆ ಮುಂಚಿನಿಂದ! ಹಾಗಾದರೆ ಜೀಡಿಮೆಟ್ಲಾದ ನಾತ ಈ ಹೆಂಗಸಿನ ಮೂಗಿಗೆ ಒಂದು ದಿನವೂ ತಟ್ಟಿಲ್ಲ.

"ಮತ್ತ ನನಗ ಯಾಕ ದಿನಾ ಬಾಗಿಲದಾಗ ಧೂಪ ಹಿಡೀತಿದ್ರಿ?"

"ನೀನ ಅಂದಿದ್ದಿಯಲ್ಲ. ಬಂದ ಮೊದಲನೇ ಸಂಜಿ. ನಮ್ಮವ್ವನ ಖೋಲಿ ವಾಸನಿ ಅಂತ ಅತ್ತಿದ್ದಿ. ದುಡಿದು ದಣದು ಬರತಿ, ಹೊಸ್ತಿಲ ದಾಟಿದ ಕೂಡ್ಲೇ ಅವ್ವನ ಮನಿಗೆ ಬಂದಂಗ ಆಗಲಿ ಅಂತ ಹಿಡೀತಿದ್ದೆ." ಸೂಗಮ್ಮ ಸೆರಗು ಸರಿಮಾಡಿಕೊಂಡಳು. "ಛಲೋ ಆಗೈತೋ ಇಲ್ಲೋ ನನಗ ಹೆಂಗ ತಿಳೀಬೇಕು? ನಿನ್ನ ಮಾರಿ ನೋಡತಿದ್ದೆ. ನೀ ಮೂಗರಳಿಸಿ ಉಸಿರು ಎಳಕೊಂಡಿ ಅಂದ್ರ, ಹಾಂ, ಈ ಸಲ ಹದ ಬಂದೈತಿ ಅಂತ ಖುಷಿ ಆಗತಿತ್ತು."

ಮಂದಾಕಿನಿಗೆ ಆ ಸಂಜೆಗಳು ನೆನಪಾದವು. ತಾನು ಸಿಟ್ಟು ನುಂಗಲು ಎಳೆದುಕೊಂಡ ಉಸಿರು!

"ಆವತ್ತ ಯಾಕ ಹೇಳಲಿಲ್ರಿ? ಅಷ್ಟು ಮಂದಿ ಮುಂದ ಅಂದೆ, ನೀವು ಒಂದು ಮಾತು ಹೇಳಿದ್ರ..."

"ಉಮಾಬಾಯಿ ಕೂತಿದ್ದಳಲ್ಲವ್ವ. ಮೂಗಿಲ್ಲದಾಕಿ ಮಾಡಿದ ಧೂಪ ಅಂದ್ರ ಯಾರು ಲಿಂಗದ ಮುಂದ ಇಡತಾರ? ಮೂಸಬಾರದು ಅನ್ನೂ ನೇಮ ಇತ್ತು, ಅದರ ಹಿಂದ ಅಡಗಿಕೊಂಡು ಇಷ್ಟು ವರ್ಷ ಮಾಡಿದೆ. ಅದೊಂದ ನನ್ನ ಕೈಯಾಗಿದ್ದ ಕೆಲಸ."

ಮಂದಾಕಿನಿ ಅತ್ತೆಯ ಕಾಲ ಬಳಿ ಕುಸಿದು ಅತ್ತಳು. ತಪ್ಪಾಯಿತು ಎಂದಳು. ಸೂಗಮ್ಮ ಅವಳ ತಲೆ ಸವರಿ "ಏಳವ್ವ, ಚಹಾ ಕುಡಿಯೂಣು" ಎಂದಳು. ಕ್ಷಮಿಸಿದವರೇನೋ ಹಗುರಾಗುತ್ತಾರೆ, ಕ್ಷಮೆ ಪಡೆದವರ ಹೊರೆ ಹಾಗೆ ಇಳಿಯುವುದಿಲ್ಲ. ಆ ಧೂಪವನ್ನು ಈ ಮನೆಗೆ ಮರಳಿ ತರುವ ತನಕ ತನಗೆ ಸಮಾಧಾನವಿಲ್ಲ ಎಂದು ಮಂದಾಕಿನಿಗೆ ಅನ್ನಿಸಿತು.

ಭಾನುವಾರ ಬೇಗಂ ಬಜಾರಿಗೆ ಹೋದಳು. "ಅಮ್ಮಾ ಕೈಸೇ ಹೈಂ? ಬಹುತ್ ದಿನ್ ಸೇ ಆಯೇ ನಹೀಂ" ಎಂದು ಪನ್ಸಾರಿ ಬಹಳ ದಿನದಿಂದ ಬಾರದ ಸೂಗಮ್ಮನ ಕ್ಷೇಮ ವಿಚಾರಿಸಿದ. ಸೂಗಮ್ಮ ಹೇಳಿದ ಸಾಮಾನುಗಳನ್ನೆಲ್ಲ ಒಳ್ಳೆಯದನ್ನೇ ನೋಡಿ ತಂದಳು. ಬೋರಲು ಬಿದ್ದ ಒರಳನ್ನು ತೊಳೆದಿಟ್ಟಳು. ಸೂಗಮ್ಮ ಬೇಡ ಬೇಡ ಎನ್ನುತ್ತಲೇ ಮಿಂದು, ವಿಭೂತಿ ಧರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ಮುಖದಲ್ಲಿ ಹಬ್ಬದ ಕಳೆ.

ಕುಟ್ಟುವ ಕೆಲಸ ಮಂದಾಕಿನಿಯದು, ಅಳೆಯುವ ಕೈ ಅತ್ತೆಯದು. ಆದರೆ ಆ ಕೈ ತುಂಗೆಗಡ್ಡೆಯ ಪುಡಿಯ ಮೇಲೆ ಬಂದು ನಿಂತುಬಿಟ್ಟಿತು. ಒಂದು ಮುಷ್ಟಿ ಹಾಕಿತು, ಅನುಮಾನಿಸಿತು, ಇನ್ನೊಂದು ಹಾಕಿತು. ಕಚೋರವನ್ನು ಎತ್ತಿ ಅರ್ಧ ಮರಳಿ ಸುರಿಯಿತು. "ಹಿಂಗ ಇತ್ತಲ್ಲ?" ಎಂದು ಸೂಗಮ್ಮ ತನ್ನನ್ನೇ ಕೇಳಿಕೊಂಡಳು.

"ನಾನು ಒಂದು ಸಲ ಮೂಸಿ ಹೇಳಲೇನ್ರಿ?" ಎಂದಳು ಮಂದಾಕಿನಿ. ಪ್ರಯೋಗಶಾಲೆಯಲ್ಲಿ ಅವಳ ಕೆಲಸವೇ ಬೆರಕೆಯ ಅಳತೆಯಲ್ಲಿ ಆದ ಹೆಚ್ಚುಕಡಿಮೆಯನ್ನು ಪತ್ತೆ ಹಚ್ಚುವುದು.

"ಬ್ಯಾಡ ಬ್ಯಾಡ! ಲಿಂಗಕ್ಕ ಕೊಡದ ವಾಸನಿ ನಾವು ತಗೋಬಾರದು" ಎಂದು ಸೂಗಮ್ಮ ಅವಳ ಮೂಗಿಗೂ ಒಂದು ಬಟ್ಟೆ ಕಟ್ಟಿದಳು.

ಧೂಪ ನೆರಳಲ್ಲಿ ಆರಿ ಗಟ್ಟಿಯಾಯಿತು. ಮಂದಾಕಿನಿಯ ಕಾರ್ಖಾನೆಗೆ ರಜೆಯಿದ್ದ ಒಂದು ಸಂಜೆ ಸೂಗಮ್ಮ ಲಿಂಗಪೂಜೆಗೆ ಕೂತು ಮೊದಲ ತುಂಡನ್ನು ಕೆಂಡಕ್ಕಿಟ್ಟಳು. ಹೊಗೆ ಎದ್ದಿತು. ಎದುರು ಕೂತ ಮಂದಾಕಿನಿ ಕಣ್ಣು ಮುಚ್ಚಿ ಕಾದಳು.

ಅದಲ್ಲ. ಅವ್ವನ ಖೋಲಿಯ ಪರಿಮಳವಲ್ಲ. ಬೇರು ಸುಟ್ಟ ಕಹಿ ಘಾಟು, ಕೆಳಗೆಲ್ಲೋ ಬೆಲ್ಲ ಹೊತ್ತಿದ ಕಮರು. ಮೂಗು ಹೋದ ಮೇಲೂ ದಾರಿ ತಪ್ಪದ ಕೈ, ಸುಮ್ಮನೆ ಕೂರಿಸಿದ ಒಂದು ವರ್ಷದಲ್ಲಿ ಮರೆತಿತ್ತು. ಕೂರಿಸಿದವಳು ತಾನೇ.

ಕಣ್ಣು ತೆರೆದಳು. ಸೂಗಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

ಹದ ತಪ್ಪಿದೆ ಎಂದು ಹೇಳಬಹುದಿತ್ತು. ಆದರೆ ಮೂಗು ಹೋದದ್ದನ್ನು ಅಷ್ಟು ವರ್ಷ ಒಬ್ಬಳೇ ನುಂಗಿಕೊಂಡವಳಿಗೆ, ಈಗ ಕೈಯೂ ಹೋಯಿತು ಎಂದು ಯಾವ ಬಾಯಿಂದ ಹೇಳುವುದು? ಮಂದಾಕಿನಿ ಮೂಗರಳಿಸಿ, ಎದೆ ತುಂಬ ಆ ಕಹಿ ಹೊಗೆಯನ್ನು ಎಳೆದುಕೊಂಡಳು.

"ಭಾಳ ಛಲೋ ಆಗೈತ್ರಿ ಅತ್ತಿ. ಅದ ವಾಸನಿ."

ಸೂಗಮ್ಮನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆಫೀಸಿನಿಂದ ಬಂದ ಅಮರೇಶ ಬಾಗಿಲಲ್ಲೇ ಮೂಗು ಸಿಂಡರಿಸಿ "ಏನಿದು..." ಎಂದು ತೊಡಗಿದ. ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಮರುದಿನ ಸೂಗಮ್ಮ ಹಳೆಯ ಪದ್ಧತಿಯಂತೆ ಧೂಪದ ಪೊಟ್ಟಣ ಕಟ್ಟಿ, ಉಮಾಬಾಯಿಯ ಮನೆಗೂ ಉಳಿದವರಿಗೂ ಹಂಚಿ ಬಾ ಎಂದಳು. ಮಂದಾಕಿನಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಕಾರ್ಖಾನೆಯ ತನ್ನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದಳು. ಎಲ್ಲರೂ ಹೊಗಳಿದರು, ಉಮಾಬಾಯಿ ಕೂಡ, ಎಂದು ಬಂದು ಹೇಳಿದಳು. ಆವತ್ತು ಸೂಗಮ್ಮ ಒಂದು ರೊಟ್ಟಿ ಹೆಚ್ಚು ಉಂಡಳು.

ಆಮೇಲಿನ ಸಂಜೆಗಳಲ್ಲಿ ಗಲ್ಲಿಯ ತುದಿಗೆ ಮಂದಾಕಿನಿಯ ಚಪ್ಪಲಿ ಸದ್ದಾದರೆ ಸೂಗಮ್ಮ ಮತ್ತೆ ಬಟ್ಟಲು ಹಿಡಿದು ಹೊಸ್ತಿಲಿಗೆ ಬರತೊಡಗಿದಳು. ಮಂದಾಕಿನಿ ಈಗ ಅವಸರದಲ್ಲಿ ಒಳಗೆ ಹೋಗುವುದಿಲ್ಲ. ಅವ್ವನ ಖೋಲಿ ಇನ್ನು ಸಿಗುವುದಿಲ್ಲ ಎಂದು ಗೊತ್ತಿದ್ದೂ ಬಾಗಿಲಲ್ಲಿ ನಿಂತು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಾಳೆ. ಅತ್ತೆ ತನ್ನ ಮುಖ ನೋಡಿ ನಗುವ ತನಕ ಮಂದಾಕಿನಿ ಅಲ್ಲೇ ನಿಂತಿರುತ್ತಾಳೆ.