ಬಲಗೈ ಹರಳಿನ ಗುಟ್ಟು

ಬಡವನ ಕೋಪ ದವಡೆಗೆ ಮೂಲ, ಕೆಮಿಸ್ಟನ ಹೊಟ್ಟೆಕಿಚ್ಚು ಅಸಿಡಿಟಿ ಮಾತ್ರೆಗೆ ಮೂಲ. ಇದು ನಡೆದದ್ದೇ; ಉಪ್ಪುಖಾರ ಹಚ್ಚಿಲ್ಲ, ಹಚ್ಚಿದರೆ ಅಸಿಡಿಟಿ ಇನ್ನೂ ಜಾಸ್ತಿ.

ಸಮಪಾಲು ಎಂದು ಎಲ್ಲರೂ ಕರೆಯುವ ಕೆಮಿಸ್ಟ್ ಸತ್ತವನ ಬಲಗೈ ಎತ್ತಿ, ಕಿಟಕಿಯ ಬೆಳಕಿಗೆ ತಿರುಗಿಸಿ, ಭೂತಗನ್ನಡಿಯಲ್ಲಿ ಒಂದೊಂದೇ ಉಗುರು ನೋಡುತ್ತಿದ್ದ. ಹೆಬ್ಬೆರಳು ಸ್ವಚ್ಛ. ತೋರುಬೆರಳು ಸ್ವಚ್ಛ. ನಡುಬೆರಳಿಗೆ ಬರುವಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು.

"ಮಾಮ, ಏನ್ ಮಾಡ್ತಿದ್ದೀರಾ?" ಸತ್ತವನ ಮಗಳು.

"ಏನಿಲ್ಲಮ್ಮ. ಸುಮ್ನೆ ಕೈ ಹಿಡ್ಕೊಂಡಿದ್ದೆ."

"ಭೂತಗನ್ನಡಿ ಹಿಡ್ಕೊಂಡಾ?"

"ವಯಸ್ಸಾಯ್ತಲ್ಲ ತಾಯಿ. ಕಣ್ಣು ಮಂಜು."

ಮಗಳ ಕಣ್ಣು ತುಂಬಿತು. "ಅಪ್ಪ ಅಂದ್ರೆ ನಿಮ್ಗೆ ಎಷ್ಟು ಪ್ರೀತಿ ಮಾಮ!" ಎಂದು ಮೂಗೊರೆಸಿಕೊಂಡಳು. "ಹನ್ನೊಂದಕ್ಕೆ ಶ್ರದ್ಧಾಂಜಲಿ ಸಭೆ. ನೀವೇ ಮೊದ್ಲು ಮಾತಾಡ್ಬೇಕಂತೆ, ಅಮ್ಮ ಹೇಳಿದ್ರು. ಹನ್ನೆರಡಕ್ಕೆ ಗಾಡಿ ಬರುತ್ತೆ."

ಸಮಪಾಲು ಆ ಕೈಯನ್ನು ಮೆಲ್ಲಗೆ ಎದೆಯ ಮೇಲಿಟ್ಟ. ಎಡಗೈ ನೋಡುವುದು ಬಾಕಿ ಉಳಿಯಿತು. ಹನ್ನೆರಡಕ್ಕೆ ಗಾಡಿ; ಆಮೇಲೆ ಗುಟ್ಟೂ ಗಾಡಿ ಹತ್ತಿದಂತೆಯೇ.

* * *

ಅವರಿಬ್ಬರೂ ಮೂವತ್ತೊಂದು ವರ್ಷ ಒಂದೇ ಲ್ಯಾಬಿನ ಅಕ್ಕಪಕ್ಕದ ಬೆಂಚಿನವರು. ಮಕ್ಕಳ ಫಿಟ್ಸ್‌ಗೆ ಔಷಧಿ ಮಾಡುವ ಕೆಲಸ. ಆ ಔಷಧಿಯ ಅಣು ಕೈಗವಸಿನ ಜೋಡಿಯಂತೆ: ಎಡದ್ದೂ ಬಲದ್ದೂ ನೋಡಲು ಒಂದೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಹೊಂದದು. ಬಲಗೈ ಅಣು ಮಗುವಿನ ಫಿಟ್ಸ್ ನಿಲ್ಲಿಸುತ್ತದೆ. ಎಡಗೈಯದು ಅದೇ ಮಗುವಿಗೆ ವಾಂತಿ ಬರಿಸುತ್ತದೆ. ಫ್ಲಾಸ್ಕಿಗೆ ಈ ಭೇದ ಗೊತ್ತಿಲ್ಲ. ಅದು ಪಕ್ಷಪಾತ ಅರಿಯದ ತಾಯಿ, ಎರಡನ್ನೂ ಸಮ ಸಮ ಹೆರುತ್ತದೆ.

ಬೇರ್ಪಡಿಸಲು ಒಂದು ಉಪಾಯವಿದೆ. ಶುದ್ಧ ಬಲಗೈ ಹರಳಿನ ಒಂದು ಚಿಟಿಕೆ, ಅದಕ್ಕೆ ಬೀಜ ಅನ್ನುತ್ತಾರೆ, ದ್ರಾವಣಕ್ಕೆ ಬಿದ್ದರೆ ಸಾಕು. ಅದು ತನ್ನವರನ್ನೇ ಕೂಗಿ ಕರೆದು, ಮಡಿಲಲ್ಲಿ ಕೂರಿಸಿಕೊಂಡು, ಬೆಳ್ಳಗೆ ತಳಕ್ಕಿಳಿಯುತ್ತದೆ. ಎಡಗೈಯವರು ನೀರಲ್ಲೇ ಉಳಿಯುತ್ತಾರೆ. ಬೀಜ ಹಾಕದಿದ್ದರೆ ಎರಡೂ ಬೆರೆತೇ ಇಳಿಯುತ್ತವೆ. ಬೀಜವಿಲ್ಲದೆ ಬಲಗೈಯನ್ನಷ್ಟೇ ಇಳಿಸಬೇಕೆಂದು ಹಟ ಹಿಡಿದವನು ಒಬ್ಬನೇ. ಅವನ ಹರಳು ಪರೀಕ್ಷೆಯ ಉಪಕರಣದಲ್ಲಿ ಮುಳ್ಳನ್ನು ಎಡಕ್ಕೂ ಸರಿಸಲಿಲ್ಲ, ಬಲಕ್ಕೂ ಸರಿಸಲಿಲ್ಲ, ಸೊನ್ನೆ; ಅಂದರೆ ಎರಡೂ ಸಮ ಸಮ. ಪಕ್ಕದ ಬೆಂಚಿನವನು, ಈಗ ಸತ್ತು ಮಲಗಿರುವವನು, ಅವನಿಗೆ 'ಸಮಪಾಲು' ಎಂದು ಹೆಸರಿಟ್ಟ. ಹೆಂಡತಿಯೂ ಹಾಗೇ ಕರೆಯತೊಡಗಿದ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿಗಷ್ಟೇ ಉಳಿಯಿತು.

ಪಕ್ಕದ ಬೆಂಚಿನವನು ಯಾರ ದನಿಯನ್ನಾದರೂ ಅನುಕರಿಸುತ್ತಿದ್ದ. ಲ್ಯಾಬಿನ ನಿರ್ದೇಶಕರದ್ದು ಸರಿಯೇ, ವ್ಯಾಕ್ಯೂಮ್ ಪಂಪು ಕೆಡುವಾಗ ನರಳುವುದನ್ನೂ ನರಳುತ್ತಿದ್ದ. ಮೆಕ್ಯಾನಿಕ್ ಎರಡು ಸಲ ಬಂದು ಗಟ್ಟಿಮುಟ್ಟಾದ ಪಂಪು ಬಿಚ್ಚಿ ಹೋಗಿದ್ದ.

ಸಮಪಾಲುವಿಗೆ ಬೇರೊಂದು ಕಂಪನಿಯಿಂದ ಮುಖ್ಯಸ್ಥನ ಹುದ್ದೆಗೆ ಕರೆ ಬಂದ ತಿಂಗಳದು. ಹೊರಡುವ ಮುನ್ನ ಕೊನೆಯ ಫ್ಲಾಸ್ಕು ಎಂದು ಕಲಕುತ್ತಿದ್ದ. ಪಕ್ಕದವನು ಬಂದ.

"ಕೈ ಹಾಕ್ಲೇನೋ?"

"ಒಳಗೆ ಬೇಡ."

"ಹೊರಗೇ ಸಾಕು." ಗಾಜಿನ ಹೊರಮೈಗೆ ಒಂದು ಬೆರಳು ಮುಟ್ಟಿಸಿ, ಥೇಟ್ ನಿರ್ದೇಶಕರ ಮೂಗಿನ ದನಿಯಲ್ಲಿ ಹೇಳಿದ: "ಮಾನ್ಯ ಅಣುಗಳೇ, ಬಲಗಡೆಯವರು ಶಿಸ್ತಿನಿಂದ ಕೆಳಗಿಳಿಯತಕ್ಕದ್ದು."

ಹರಳು ಇಳಿಯಿತು. ಸಮಪಾಲು ನಗುತ್ತಲೇ ಉಪಕರಣಕ್ಕೆ ಹಾಕಿದ. ಮುಳ್ಳು ಬಲಕ್ಕೆ ವಾಲಿತು. ನಗು ನಿಂತಿತು.

"ಕೈಗುಣ ಕಣೋ," ಎಂದ ಪಕ್ಕದವನು.

ಅವತ್ತಿನಿಂದ ಲ್ಯಾಬಿನಲ್ಲಿ ಅವನ ಹೆಸರು ಕೈಗುಣ. ವರದಿಯಲ್ಲಿ ಮಾತ್ರ ಅವನು ಒಂದಕ್ಷರ ಬರೆಯಲಿಲ್ಲ. "ಕೈಗುಣಾನ ಯಾವ ಕಾಲಮ್ಮಲ್ಲಿ ತುಂಬೋದು?" ಅನ್ನುತ್ತಿದ್ದ.

ಸಮಪಾಲು ಬಿಡಲಿಲ್ಲ. ಕೈಗುಣನ ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತಾನೇ ತೊಳೆದ. ಕೋಟು ಕಳಚಿಸಿದ, ಬೂಟು ಬಿಚ್ಚಿಸಿದ, ಜೇಬು ಹೊರಕ್ಕೆಳೆದ. ಮೂರು ಹೆಜ್ಜೆ ದೂರ ನಿಲ್ಲಿಸಿದ. ಗಾಜಿನ ಕಡ್ಡಿಯನ್ನು ಆಸಿಡ್‌ನಲ್ಲಿ ಅದ್ದಿ ತೊಳೆದು, ಯಾರನ್ನೂ ನಂಬದೆ ತಾನೇ ಕಲಕಿದ. ಬಲಗೈ! ಒಮ್ಮೆ ಕೈಗುಣ ನೆಗಡಿಯೆಂದು ಮನೆಯಲ್ಲಿದ್ದುಕೊಂಡೇ ಫೋನಿನಲ್ಲಿ ಇಳಿಸಿದ. ಅವನಿಗೆ ಹೇಳದೆ ಮಾಡಿದ ದಿನ ಮಾತ್ರ ಮತ್ತೆ ಸೊನ್ನೆ.

ಹೊಟ್ಟೆಯೊಳಗೆ ಉರಿ ಮನೆಮಾಡಿತು. ಸಮಪಾಲುವಿನ ಅಳತೆಯೇ ಹೆಚ್ಚು ಕರಾರುವಾಕ್ಕು, ಓದೇ ಹೆಚ್ಚು. ಮೂರ್ಖನಿಗೆ ಮುತ್ತು ಸಿಕ್ಕಿದ್ದರೆ ಸಹಿಸಬಹುದಿತ್ತು. ಇವನು ಮುತ್ತನ್ನು ಗೋಲಿಯಾಡುತ್ತಿದ್ದ. ಮನೆಗೆ ಹೋದರೆ ಹೆಂಡತಿ, "ಅವ್ರನ್ನೇ ಕೇಳಿ ಕಲೀಬಾರ್ದಾ?" ಅನ್ನುತ್ತಿದ್ದಳು. ಒಂದು ಸಲ ಲ್ಯಾಬಿನ ಸ್ಟೋರಿನಲ್ಲಿ ಬಾಗಿಲು ಹಾಕಿಕೊಂಡು, ಫ್ಲಾಸ್ಕಿನ ಮುಂದೆ ತಾನೂ "ಮಾನ್ಯ ಅಣುಗಳೇ" ಎಂದು ನೋಡಿದ. ಮೂಗಿನ ದನಿಯಲ್ಲೂ ನೋಡಿದ. ಮಾನ್ಯ ಅಣುಗಳು ಕ್ಯಾರೇ ಅನ್ನಲಿಲ್ಲ.

ಗುಟ್ಟು ತಿಳಿದೇ ಹೋಗುವುದು ಎಂದು ಹೊಸ ಕಂಪನಿಗೆ ಒಂದು ತಿಂಗಳ ಅವಕಾಶ ಕೇಳಿದ. ಆಮೇಲೆ ಮೂರು ತಿಂಗಳು. ಆಮೇಲೆ ಅವರು ಬೇರೆಯವರನ್ನು ಹಾಕಿಕೊಂಡರು.

* * *

ಹೋದ ವಾರ ಆಸ್ಪತ್ರೆಯಲ್ಲಿ ಕೈಗುಣನ ಮುಖ ಹಿಡಿಯಷ್ಟಾಗಿತ್ತು. ಸಮಪಾಲು ದಿನಾ ಸಂಜೆ ಹೋಗಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ.

"ಈಗ್ಲಾದ್ರೂ ಹೇಳೋ ಮಾರಾಯ."

"ಹೇಳ್ಬಿಟ್ರೆ ನಾಳೆ ಬರ್ತೀಯಾ?"

"ಬರ್ದೆ ಎಲ್ಲಿ ಸಾಯ್ಲಿ?"

"ಸಾಯೋದು ನನ್ನ ಕೆಲ್ಸ. ಅದ್ರಲ್ಲೂ ಪೈಪೋಟಿಗೆ ಬರ್ಬೇಡ," ಎಂದು ಕೈಗುಣ ಕಣ್ಣು ಮುಚ್ಚಿದ. ಸಮಪಾಲು ಮಾರನೆಯ ದಿನವೂ ಹೋದ. ಅದರಾಚೆಗಿನ ದಿನ ಮಂಚ ಖಾಲಿಯಿತ್ತು.

* * *

ಸಭೆಯಲ್ಲಿ ಎಪ್ಪತ್ತು ಕುರ್ಚಿ, ಎಲ್ಲವೂ ಭರ್ತಿ. ಮುಂದಿನ ಸಾಲಿನಲ್ಲಿ ಕೈಗುಣನ ಹೆಂಡತಿ, ಮಗಳು, ನಿವೃತ್ತ ನಿರ್ದೇಶಕರು. ಅವರ ಪಕ್ಕ ಗಾಜಮ್ಮ, ಲ್ಯಾಬಿನ ಫ್ಲಾಸ್ಕುಗಳನ್ನೆಲ್ಲ ತೊಳೆಯುತ್ತಿದ್ದವಳು. ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು, ಮೈಮೇಲೆ ಬಿಳಿ ಹೂ.

ಸಮಪಾಲು ಬರೆದು ತಂದ ಎರಡು ಹಾಳೆ ಬಿಡಿಸಿದ. 'ಆತ್ಮೀಯ ಮಿತ್ರ' ಎಂಬಲ್ಲಿಗೇ ನಿಲ್ಲಿಸಿದ. ಹಾಳೆ ಮಡಚಿ ಜೇಬಿಗಿಟ್ಟ.

"ನಾನು ಇವ್ನ ಸ್ನೇಹಿತ ಅಂದ್ಕೊಂಡಿದ್ದೀರಿ. ನಿಜ ಹೇಳ್ತೀನಿ, ಇವ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು. ಮೂವತ್ತೊಂದು ವರ್ಷ. ಇವತ್ತು ಬೆಳಿಗ್ಗೆ ಕೂಡ ಬೀಜ ಅಡಗಿದ್ಯಾ ಅಂತ ಇವ್ನ ಉಗುರು ನೋಡ್ದೆ." ಮಗಳು ತಲೆಯೆತ್ತಿದಳು. "ನಂಗೆ ಬರ್ದಿದ್ದು ಇವ್ನಿಗೆ ಹೇಗೆ ಬಂತು? ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಅದು ತಿಳೀದೆ ನಾನು ಇವ್ನನ್ನ ಕಳ್ಸಲಾರೆ."

ಹೊರಗೆ ಗಾಡಿ ಹೊತ್ತಿಗೆ ಮುಂಚೆಯೇ ಬಂದು ನಿಂತ ಸದ್ದು.

ಗಾಜಮ್ಮ ಎದ್ದು ನಿಂತಳು. "ಸಾರ್, ನಂಗೊತ್ತು. ಅವ್ರು ಹೋಗೋ ತನ್ಕ ಬಾಯಿ ಬಿಡ್ಬಾರ್ದು ಅಂತ ಭಾಷೆ ತಗೊಂಡಿದ್ರು."

"ಹೇಳಮ್ಮ."

"ನಿಮ್ಮ ಕೋಟಿನ ತೋಳು ಸಾರ್."

"ನನ್ನ...?"

"ಗೂಟಕ್ಕೆ ತಗಲಾಕಿರ್ತಿದ್ರಲ್ಲ. ಅವ್ರು 'ಇವತ್ತು' ಅಂದ ದಿನ ನಾನೇ ತೋಳಿನ ತುದಿಗೆ ಆ ಬಲಗೈ ಹರಳಿನ ಪುಡಿ ಸವರಿಡ್ತಿದ್ದೆ. ನೀವು ಅವ್ರ ಕೈ ತೊಳ್ಸಿದ್ರಿ, ಬೂಟು ಬಿಚ್ಸಿದ್ರಿ. ಆಮೇಲೆ ನೀವೇ ಫ್ಲಾಸ್ಕಿನ ಬಾಯಿ ಮೇಲೆ ತೋಳು ಆಡಿಸ್ಕೊಂಡು ಕಲಕ್ತಿದ್ರಿ. ಬೀಜ ಹಾಕ್ತಿದ್ದೋರು ನೀವೇ ಸಾರ್."

"ಫೋನ್ ಮಾಡಿದ್ ದಿನ?"

"ನಂಗೆ ಮೊದ್ಲೇ ಫೋನ್ ಬಂದಿತ್ತು."

ಸಮಪಾಲುವಿನ ಮುಖ ಕೆಂಪಾಗಿ, ಬಿಳಿಚಿತು. "ಯಾಕೆ?" ಎಂದ. "ಒಂದ್ ಸಲ ಸರಿ, ತಮಾಷೆ. ಇಷ್ಟು ವರ್ಷ ಯಾಕೆ?"

ಗಾಜಮ್ಮ ಕೈಗುಣನ ಹೆಂಡತಿಯ ಕಡೆ ನೋಡಿದಳು. ಅವಳು ಕೂತಲ್ಲಿಂದಲೇ ಹೇಳಿದಳು. "ನೀವು ಬೇರೆ ಕಂಪನಿಗೆ ಹೊರಟ್ರಲ್ಲ ಅಣ್ಣ, ಆವತ್ತು ಇವ್ರು ಊಟ ಮಾಡ್ಲಿಲ್ಲ. 'ಪಕ್ಕದ ಬೆಂಚು ಖಾಲಿ ಆದ್ರೆ ನಾನು ಯಾರ ಹತ್ರ ಮಾತಾಡ್ಲಿ? ಅವ್ನಿಗೆ ಬಿಡಿಸಕ್ಕಾಗದ್ದು ಒಂದು ಕೊಟ್ರೆ ಎಲ್ಲಿಗೂ ಹೋಗಲ್ಲ' ಅಂದ್ರು. ಆಮೇಲೆ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಪ್ರತಿ ವರ್ಷ ಇನ್ನೊಂದ್ ವರ್ಷ ಜಾಸ್ತಿ ಹೆದರ್ತಿದ್ರು."

ಮುಖ್ಯಸ್ಥನ ಕುರ್ಚಿ, ದೊಡ್ಡ ಮನೆ, ಬಾಗಿಲ ಮೇಲೆ ತನ್ನ ನಿಜವಾದ ಹೆಸರು: ಎಲ್ಲವೂ ಸಮಪಾಲುವಿನ ಕಣ್ಣ ಮುಂದೆ ಹಾದುಹೋದವು. ಅವನು ಪೆಟ್ಟಿಗೆಯ ಬಳಿ ನಡೆದ. ಹೊಡೆದುಬಿಡುತ್ತಾನೇನೋ ಎಂದು ಮಗಳು ಅರ್ಧ ಎದ್ದಳು.

"ಸ್ಟೋರಲ್ಲಿ ನೀವು ಮಂತ್ರ ಹೇಳಿದ್ದನ್ನೂ ಕಿಟಕೀಲಿ ನೋಡಿದ್ವಿ ಸಾರ್," ಎಂದಳು ಗಾಜಮ್ಮ, ಒಮ್ಮೆಗೇ ಎಲ್ಲ ಹೇಳಿ ಹಗುರಾಗುವವಳಂತೆ. "ನಿರ್ದೇಶಕ್ರೂ ಇದ್ರು."

ನಿರ್ದೇಶಕರ ಮೂಗಿನಿಂದ ಸೀಟಿಯಂಥ ಸದ್ದು ಹೊರಟಿತು. ಕೈಗುಣನ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಲುಕಿತು. ಅಷ್ಟರಲ್ಲಿ ಅವರೆಲ್ಲರನ್ನೂ ಮುಳುಗಿಸಿ ಇನ್ನೊಂದು ನಗು ಸಿಡಿಯಿತು. ಸಮಪಾಲು ಪೆಟ್ಟಿಗೆಯ ಅಂಚನ್ನು ಬೆಂಚೆಂಬಂತೆ ಗುದ್ದುತ್ತಿದ್ದ. ಒಂದೊಂದು ಗುದ್ದಿಗೂ ಬಿಳಿ ಹೂಗಳು ಸತ್ತವನ ಎದೆಯಿಂದ ಹಾರಿ ಜಾರುತ್ತಿದ್ದವು. ಹಿಂದಿನ ಸಾಲಿನಲ್ಲಿ ಕಿವಿ ಕೇಳದ ಮುದುಕನೊಬ್ಬ, "ಪಾಪ, ಎಂಥ ಸಂಕಟ!" ಎಂದು ಟೋಪಿ ತೆಗೆದು ಎದ್ದು ನಿಂತ. ಅವನನ್ನು ನೋಡಿ ಸಮಪಾಲು ಇನ್ನೂ ಜೋರಾಗಿ ನಕ್ಕ.