ಡಬ್ಬ ಬಡಿಯುವ ಕೆಲಸ

ಹದ್ದಿನ ಮರಿಗೆ ಉಣಿಸುವವರು ಅದರ ಕಣ್ಣಿಗೆ ಬೀಳಬಾರದು. ಹೊಳೆ ದಂಡೆಯ ನಮ್ಮ ರಕ್ಷಿತ ಕಾಡಿನಲ್ಲಿ ಇದೇ ಮೊದಲ ಪಾಠ. ಗೂಡಿನಿಂದ ಬಿದ್ದು ಸಿಕ್ಕಿದ ಮರಿಗೆ ಪರದೆಯ ಹಿಂದೆ ನಿಂತು, ಉಸಿರು ಬಿಗಿಹಿಡಿದು, ಕೊಳವೆಯಲ್ಲಿ ಮೀನಿನ ತುಂಡು ಜಾರಿಸಬೇಕು. ರೆಕ್ಕೆ ಬಲಿತ ಮೇಲೆ ಯಾರಾದರೂ ಪಂಜರದ ಎದುರಿಗೇ ಹೋಗಿ, ಡಬ್ಬ ಬಡಿದು, ಬಾಯಿಗೆ ಬಂದಂತೆ ಬೈದು, ಮನುಷ್ಯ ಎಂದರೆ ಪೀಡೆ ಎಂದು ಅದಕ್ಕೆ ಕಲಿಸಬೇಕು. ಆಳು ಸಾಲದೆ ಎರಡನ್ನೂ ನನ್ನ ತಲೆಗೇ ಕಟ್ಟಿದ್ದರು. ಬೆಳಿಗ್ಗೆ ಕದ್ದು ತಾಯಿ, ಸಂಜೆ ಎದುರಿಗೆ ರಾಕ್ಷಸಿ. ಮನೆ ಮುಟ್ಟುವಷ್ಟರಲ್ಲಿ ಗಂಟಲು ಕಟ್ಟಿ, ನಮ್ಮ ಯಜಮಾನರನ್ನು ಬೈಯಲೂ ದನಿ ಉಳಿಯುತ್ತಿರಲಿಲ್ಲ. ಅವರಿಗೆ ಅದೊಂದು ಲಾಭ.

ಯಜಮಾನರದು ಅಲ್ಲೇ ದೋಣಿಯ ಕೆಲಸ, ಕಾವಲಿನವರನ್ನು ಆಚೆ ದಡಕ್ಕೆ ಬಿಡುವುದು. ಬೆಣ್ಣೆಯಂಥ ಮನಸ್ಸು. ಬೆಣ್ಣೆ ಜಿಡ್ಡನ್ನು ತೊಳೆಯುವವಳು ಮಾತ್ರ ನಾನು.

ಇವತ್ತು ಬೆಳಿಗ್ಗೆ ಪಂಜರದ ಬಾಗಿಲು ತೆಗೆದೆವು. ಆಚೆ ದಡದ ಮೀನಿನ ಬಲೆಗಳ ಬಳಿ ಸುಳಿಯುವ ಹದ್ದಿಗೆ ಜನ ಕಲ್ಲು ಹೊಡೆಯುತ್ತಾರೆ. ಹಾಗಾಗಿ, ಇದು ಮನುಷ್ಯರ ಹತ್ತಿರ ಹೋದರೆ ಹಿಡಿದು ತಂದು ಸಾಯುವ ತನಕ ಪಂಜರದಲ್ಲೇ ಇಡುವುದೆಂದು ಹಕ್ಕಿಗಳನ್ನು ನೋಡುವ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹದ್ದು ಹೊರಬಂದು ನನ್ನನ್ನು ಕಂಡದ್ದೇ ಚೀರಿ ಮೇಲೇರಿತು. ಉಣಿಸಿದವಳೂ ನಾನೇ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ಪಟ್ಟ ಪಾಡು ಮಣ್ಣುಪಾಲಾಗಲಿಲ್ಲ ಎಂದೂ ಅನ್ನಿಸಿತು.

ಅಷ್ಟರಲ್ಲಿ ಅದು ತಿರುಗಿ ಇಳಿದು ಯಜಮಾನರ ದೋಣಿಯ ತುದಿಯಲ್ಲಿ ಕೂತು, ಅವರತ್ತ ಕತ್ತು ಚಾಚಿತು.

ನಾನು ಎದುರು ಹೋದರೆ ಹಾರುತ್ತಿತ್ತು, ನಾಳೆ ಮತ್ತೆ ದೋಣಿಗೇ ಬರುತ್ತಿತ್ತು. ದಡದ ಮರದ ಮರೆಯಲ್ಲೇ ನಿಂತು, ಇದೇನು ಎಂದು ಮೆಲ್ಲಗೆ ಕೇಳಿದೆ. ಅವರು ತಲೆ ಎತ್ತಲಿಲ್ಲ.

"ನೀನು ಬೈದು ಹೋದ್ಮೇಲೆ ಮೂಲೇಲಿ ಮುದುರಿ ಕೂತಿರ್ತಿತ್ತು ಕಣೇ. ನೋಡೋಕಾಗದೆ ಒಂದೆರಡು ಮೀನು ಎಸೀತಿದ್ದೆ."

ನನ್ನ ಬೆನ್ನ ಹಿಂದೆ ಡಾಕ್ಟರಮ್ಮ ಕಾವಲಿನವನಿಗೆ ಬಲೆ ತರಲು ಹೇಳುತ್ತಿದ್ದರು. ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ಶಕ್ತಿ ಇರಲಿಲ್ಲ.

"ನೀರೆತ್ತೋ ಡಬ್ಬ ತಗೊಳ್ಳಿ," ಎಂದೆ. "ನನ್ನ ಕಂಡ್ರೆ ಅದಕ್ಕೆ ಆಗಲ್ಲ. ಇನ್ನು ನಿಮ್ಮನ್ನ ಕಂಡ್ರೂ ಆಗ್ಬಾರ್ದು."

ಮಲಗಿದ ಕೂಸಿನ ಬೆನ್ನು ತಟ್ಟುವ ಹಾಗೆ ಡಬ್ಬವನ್ನು ಒಂದೆರಡು ಸಲ ತಟ್ಟಿದರು. ಹದ್ದು ರೆಕ್ಕೆ ಕೊಡವಿ ಇನ್ನೂ ಹತ್ತಿರ ಸರಿಯಿತು. ಕಾವಲಿನವನು ಬಲೆ ಹಿಡಿದು ದಡಕ್ಕೆ ಬಂದ. ಅವನನ್ನು ನೋಡಿದ್ದೇ ತಡ, ಯಜಮಾನರು ಎದ್ದು ನಿಂತು ಹದ್ದಿನ ಮೇಲೆ ಕೂಗಿದರು. ಮದುವೆಯಾದಾಗಿನಿಂದ ನಾನು ಕೇಳದ ದನಿ. ಡಬ್ಬ ನಗ್ಗುವಂತೆ ದೋಣಿಗೆ ಬಡಿದರು, ಹುಟ್ಟುಗೋಲಿನಿಂದ ನೀರೆರಚಿದರು, ನನ್ನ ಬೈಗುಳಗಳನ್ನೇ ಒಂದೂ ಬಿಡದೆ ಬೈದರು.

ಹದ್ದು ಕಿರುಚಿಕೊಂಡು ಎದ್ದು, ಹೊಳೆ ದಾಟಿ, ಎತ್ತರದ ಮರಗಳ ಆಚೆ ಹೋಯಿತು. ಡಾಕ್ಟರಮ್ಮ ಬಲೆ ಮಡಚಲು ಹೇಳಿದರು.

ಯಜಮಾನರು ಇನ್ನೂ ಬಡಿಯುತ್ತಲೇ ಇದ್ದರು. ದೋಣಿಗೆ ಇಳಿದು ಡಬ್ಬ ಕಸಿದುಕೊಂಡೆ. ಅವರ ಗಂಟಲೂ ಕಟ್ಟಿತ್ತು.

"ನನ್ನ ಮುಖ ನೆನಪಿರುತ್ತಾ ಅದಕ್ಕೆ?" ಎಂದು ಕೇಳಿದರು.

"ಇರುತ್ತೆ," ಎಂದೆ. "ನನ್ನ ಮುಖದ ಪಕ್ಕದಲ್ಲೇ."